14 ನಿಮಿಷಕ್ಕೆ ನಿಲ್ಲುವ ಹುಲ್ಲಿನ ಮಶೀನು

ಇವತ್ತು ಆಗಸ್ಟ್ 24, ಭಾನುವಾರ. ಹುಲ್ಲು ಕತ್ತರಿಸುವ ಮಶೀನು ಬೆಳಿಗ್ಗೆ 50 ನಿಮಿಷ ಎಡೆಬಿಡದೆ ಓಡಿತು. ಅದಕ್ಕೇ ಬರೆಯಲು ಕೂತೆ. ಮೂರು ವಾರ, 3,132 ರೂಪಾಯಿ, ಒಂದು ಮುರಿದ ರೆಕ್ಕೆ, ಮನೆಯವಳ ಎರಡು ಹಳೆಯ ಟವೆಲ್ಲು. ಗ್ರೀಸ್ ಕೈಯಲ್ಲಿ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದನ್ನು ತಾರೀಖಿನ ಪ್ರಕಾರ ಇಲ್ಲಿ ಇಳಿಸಿದ್ದೇನೆ. ನನ್ನ ತಪ್ಪುಗಳನ್ನು ಬಿಟ್ಟುಬಿಟ್ಟರೆ ಇದರಲ್ಲಿ ಅರ್ಧ ಪುಟವೂ ಉಳಿಯುವುದಿಲ್ಲ, ಹಾಗಾಗಿ ಬಿಟ್ಟಿಲ್ಲ.

ನಾವಿರುವುದು ಪುಣೆಯ ಧಾಯರಿ ಕಡೆ, 18 ರೋ ಹೌಸ್‌ಗಳ ಚಿಕ್ಕ ಸೊಸೈಟಿ. ನಡುವೆ ಸುಮಾರು 4,000 ಚದರಡಿ ಲಾನು. ಸೊಸೈಟಿಯವರು 2016ರಲ್ಲಿ ಕೊಂಡ ಪೆಟ್ರೋಲ್ ಮಶೀನಿದೆ. ಹಿಂದೆ ನಡೆಯುತ್ತಾ ತಳ್ಳಿಕೊಂಡು ಹೋಗುವಂಥದ್ದು, 160 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಕೆಳಗೆ 21 ಇಂಚಿನ ಬ್ಲೇಡು. ನಾನು ಚಾಕಣದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ದಿನವಿಡೀ ಬೇರೆಯವರ ತಪ್ಪು ಹಿಡಿಯುವುದೇ ಉದ್ಯೋಗ. ಅದಕ್ಕೇ ಇರಬೇಕು, ಈ ಕೆಲಸ ನನ್ನ ಪಾಲಿಗೆ ಬಂತು.

ಆಗಸ್ಟ್ 2, ಶನಿವಾರ: ಉಸಿರೇ ಇಲ್ಲ

ನಮ್ಮ ಲಾನು ನೋಡಿಕೊಳ್ಳುವ ಮಾಳಿ ಕಾಕಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನಾನು ಧಾರವಾಡದವನು. ಇಬ್ಬರ ನಡುವೆ ಮರಾಠಿ ಬೇಕಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ನಿಂತಿದ್ದರು.

"ಸರ, ಆರರಿಂದ ಹಗ್ಗ ಎಳ್ಯಾಕತ್ತೀನ್ರಿ. ಒಮ್ಮಿನೂ ಉಸರ್ ಬಿಡವಲ್ದು."

"ಚೋಕ್ ಹಾಕಿದ್ರೇನ್ ಕಾಕಾ?"

"ಹಾಕೇನ್ರಿ, ತಗದೇನ್ರಿ, ಮಲ್ಲಯ್ಯನ ಹೆಸರೂ ಹೇಳೇನ್ರಿ."

ಜೂನ್, ಜುಲೈ ಪೂರ್ತಿ ಮಳೆ. ಲಾನಿನಲ್ಲಿ ಹುಲ್ಲು ಗೇಣುದ್ದ. ಮುಂದೆ 15ಕ್ಕೆ ಧ್ವಜಾರೋಹಣ ಅಲ್ಲೇ ಆಗಬೇಕು, 27ಕ್ಕೆ ಗಣಪತಿ. ಮಶೀನು ಮಾತ್ರ ಕಳೆದ ದೀಪಾವಳಿಯಿಂದ ಪಂಪ್ ಮನೆಯಲ್ಲಿ ಕುಂತಿತ್ತು, ಟ್ಯಾಂಕಿನಲ್ಲಿ ಆಗಿನ ಪೆಟ್ರೋಲನ್ನೇ ಇಟ್ಟುಕೊಂಡು.

ನಾನು ಮೊದಲು ಮಾಡಿದ್ದು ಪ್ಲಗ್ ಬಿಚ್ಚಿದ್ದು. ಒಣ ಮಸಿ ಹಿಡಿದಿತ್ತು, ಗ್ಯಾಪ್ ಅಳೆದರೆ 0.9 ಮಿಲಿಮೀಟರ್. ಇರಬೇಕಾದ್ದು 0.7ರಿಂದ 0.8. ತಂತಿ ಬ್ರಷ್ಷಿನಿಂದ ಉಜ್ಜಿ, ತಟ್ಟಿ 0.75ಕ್ಕೆ ತಂದೆ. ಅಷ್ಟು ಸಾಕಿತ್ತು. ಆದರೆ ಕೈ ಸುಮ್ಮನಿರಲಿಲ್ಲ, ಹೋಗಿ 140 ರೂಪಾಯಿ ಕೊಟ್ಟು ಹೊಸ ಪ್ಲಗ್ ತಂದೆ. ಹೊಸದನ್ನು ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು, ಕಾಕಾ ಹಗ್ಗ ಎಳೆದಾಗ ನೀಲಿ ಕಿಡಿ ಚೆನ್ನಾಗಿಯೇ ಬಂತು. ಆಮೇಲೆ ಹಳೆಯ ಪ್ಲಗ್ ಹಾಕಿ ನೋಡಿದೆ, ಅದರಲ್ಲೂ ಅಷ್ಟೇ ನೀಲಿ ಕಿಡಿ. ಮೊದಲ 140 ನೀರಿಗೆ.

ಮೊದಲೇ ಮಾಡಬೇಕಿದ್ದ ಬಿಟ್ಟಿ ಪರೀಕ್ಷೆಯನ್ನು ಆಮೇಲೆ ಮಾಡಿದೆ. ಪ್ಲಗ್ಗಿನ ತೂತಿನೊಳಗೆ ಅರ್ಧ ಚಮಚ ತಾಜಾ ಪೆಟ್ರೋಲ್ ಬಿಟ್ಟು, ಪ್ಲಗ್ ಬಿಗಿದು ಎಳೆಯುವುದು. ಎಂಜಿನ್ ಎರಡು ಸೆಕೆಂಡು ಗುರ್ ಅಂದು ಸುಮ್ಮನಾಯಿತು. ಅಂದರೆ ಕಿಡಿ ಇದೆ, ಒತ್ತಡ ಇದೆ, ಪೆಟ್ರೋಲ್ ಮೇಲಿಂದ ಬರುತ್ತಿಲ್ಲ.

ಟ್ಯಾಂಕ್ ಖಾಲಿ ಮಾಡಿ ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಬಸಿದೆ. ಸುಮಾರು 600 ಮಿಲಿ. ಚಹಾದ ಬಣ್ಣ, ಹಳೇ ವಾರ್ನಿಷಿನ ವಾಸನೆ. ಹತ್ತು ನಿಮಿಷ ಬಿಟ್ಟು ನೋಡಿದರೆ ತಳದಲ್ಲಿ ಒಂದು ಬೆರಳಷ್ಟು ದಪ್ಪಕ್ಕೆ ಬೇರೆಯೇ ಪದರ, ಗಂಜಿಯ ಹಾಗೆ ಮಬ್ಬು. ಅದು ನೀರು. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಂಡು ಕೊನೆಗೆ ನೀರಿನ ಜೊತೆ ಕೆಳಗೆ ಕೂರುತ್ತದೆ. ಈ ಮಶೀನಿನ ಕೈಪಿಡಿಯಲ್ಲಿ ಎಥನಾಲ್ ನೂರಕ್ಕೆ 10 ದಾಟಬಾರದು ಅಂತಿದೆ. ಮಾಮೂಲಿ ಪೆಟ್ರೋಲಿನಲ್ಲಿ ಆ ಆಯ್ಕೆ ಇಲ್ಲ. ಹಾಗಾಗಿ ಒಳಗೆ ಬಿಟ್ಟು ಮರೆಯಬಾರದು, ಅಷ್ಟೇ.

ಪಂಪಿನವರು ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ. ನನ್ನ ಸ್ಕೂಟರಿನಿಂದಲೇ ಪೈಪ್ ಇಟ್ಟು ಒಂದು ಲೀಟರ್ ಇಳಿಸಿಕೊಂಡೆ. ಮಶೀನಿನ ಪೆಟ್ರೋಲ್ ಪೈಪು ಬೆರಳಲ್ಲಿ ಒತ್ತಿದರೆ ಮೃದುವಾಗಿ ಜಿಗುಟಾಗಿತ್ತು, ಒಂದು ಅಡಿ ಹೊಸ ಪೈಪು 60 ರೂಪಾಯಿ.

ಆಗಸ್ಟ್ 3, ಭಾನುವಾರ: ಕಾರ್ಬ್ಯುರೇಟರ್

ಫೋನಿನಲ್ಲಿ ಕೇಳಿದಾಗ ಒಬ್ಬ ಮೆಕ್ಯಾನಿಕ್ ಮಶೀನು ನೋಡದೆಯೇ "ಕಾರ್ಬ್ಯುರೇಟರ್ ಹೊಸದೇ ಹಾಕಬೇಕು, 2,800" ಅಂದಿದ್ದ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಅಷ್ಟು ಕೊಡುವ ಮೊದಲು ಬಿಚ್ಚಿಯಾದರೂ ನೋಡೋಣ ಅಂತ ಕೂತೆ. ಬೇಕಾದ್ದು 10 ನಂಬರ್ ಪಾನಾ, ಎರಡು ಸ್ಕ್ರೂಡ್ರೈವರ್, ಪಕ್ಕಡ, 320 ರೂಪಾಯಿಯ ಕಾರ್ಬ್ ಕ್ಲೀನರ್ ಸ್ಪ್ರೇ, ಹಳೇ ಹಲ್ಲುಜ್ಜುವ ಬ್ರಷ್ಷು.

ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರ್ ಸ್ಪ್ರಿಂಗು ಯಾವ ತೂತಿನಲ್ಲಿದೆ, ಕೊಂಡಿಯ ಬಾಗು ಯಾವ ಕಡೆಗಿದೆ ಎಂದು ಬಿಚ್ಚುವ ಮೊದಲೇ ನಾಲ್ಕು ಫೋಟೋ ತೆಗೆದುಕೊಂಡೆ. ಈ ಇಡೀ ಪ್ರಕರಣದಲ್ಲಿ ಮೊದಲ ಸಲಕ್ಕೇ ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಕೆಳಗಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ, ಪೆಟ್ರೋಲ್ ಹಾಯುವ ಸಣ್ಣ ತೂತಿರುವ ಹಿತ್ತಾಳೆಯ ಜೆಟ್ಟಿನ ಸುತ್ತ ಪಾಚಿಯಂಥ ಹಸಿರು. ಜೆಟ್ ತೆಗೆದು ಕಿಟಕಿಗೆ ಹಿಡಿದು ನೋಡಿದರೆ ಆಚೆಗಿನ ಬೆಳಕು ಕಾಣಲಿಲ್ಲ. ಪೂರ್ತಿ ಮುಚ್ಚಿಹೋಗಿತ್ತು. ಸೂಜಿ, ಪಿನ್ನು ತೂರಿಸಬಾರದು, ತೂತು ದೊಡ್ಡದಾದರೆ ಅದು ಇನ್ನೊಂದು ರೋಗ. ಹಳೇ ವೈರಿನ ತಾಮ್ರದ ಒಂದೇ ಎಳೆ ತೆಗೆದು ಒಳಗೆ ಬಿಟ್ಟೆ. ಮೂರನೇ ಸಲಕ್ಕೆ ಚುಕ್ಕೆಯಷ್ಟು ಬೆಳಕು ಕಂಡಿತು. ಜೆಟ್ಟಿನ ಮೇಲಿರುವ ಉದ್ದ ಕೊಳವೆಯ ಪಕ್ಕದಲ್ಲಿ ಚಿಕ್ಕ ಚಿಕ್ಕ ತೂತುಗಳಿರುತ್ತವೆ, ಅವನ್ನೂ ಒಂದೊಂದಾಗಿ ಬಿಡಿಸಿದೆ.

ಜೋಡಿಸಲು ಹೋದಾಗ ಬಟ್ಟಲಿನ ರಬ್ಬರ್ ರಿಂಗು ತನ್ನ ಜಾಗದಲ್ಲಿ ಕೂರಲೇ ಇಲ್ಲ. ಬಿಚ್ಚುವಾಗ ಸರಿಯಾಗಿಯೇ ಇತ್ತು. ಈಗ ಅಕ್ಕನ ಬಳೆಯನ್ನು ತಂಗಿಗೆ ತೊಡಿಸಿದ ಹಾಗೆ ಸುತ್ತಲೂ ಸಡಿಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಕತ್ತರಿಸಿ ಅಂಟಿಸೋಣವೇ ಎಂದು ಬ್ಲೇಡು ಹುಡುಕಿದ್ದೂ ಉಂಟು. ಪುಣ್ಯಕ್ಕೆ ಊಟಕ್ಕೆ ಕರೆ ಬಂತು. ಪೆಟ್ರೋಲು, ಸ್ಪ್ರೇ ಕುಡಿದ ರಬ್ಬರು ಉಬ್ಬುತ್ತದೆ, ಒಣಗಲು ಬಿಟ್ಟರೆ ಮತ್ತೆ ಕುಗ್ಗುತ್ತದೆ. ರಾತ್ರಿಯಿಡೀ ಅಡುಗೆಮನೆಯ ಕಿಟಕಿಯ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಜಾಗಕ್ಕೆ ಕೂತಿತು.

ಸೋಮವಾರ ಆಫೀಸಿಗೆ ಹೋಗುವ ಮೊದಲು ಜೋಡಿಸಿ ಎಳೆದೆ. ಮೂರನೇ ಎಳೆತಕ್ಕೆ ಸ್ಟಾರ್ಟ್. ಕಾಕಾ ಕೈ ಮುಗಿದರು. ಆದರೆ ಒಂದೇ ಸಮ ಓಡಲಿಲ್ಲ: ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಘಾಟು ಹತ್ತುವ ಲಾರಿಯ ಹಾಗೆ. ಚೋಕ್ ಅರ್ಧ ಹಾಕಿದರೆ ಮಾತ್ರ ಸಮಾಧಾನ. ಅದರರ್ಥ ಇನ್ನೂ ಎಲ್ಲೋ ಪೆಟ್ರೋಲ್ ಕಡಿಮೆ ಬರುತ್ತಿದೆ. ದೊಡ್ಡ ಜೆಟ್ ಬಿಡಿಸಿದ ಖುಷಿಯಲ್ಲಿ ಚಿಕ್ಕ ಪೈಲಟ್ ಜೆಟ್ ಮುಟ್ಟಿಯೇ ಇರಲಿಲ್ಲ.

ಆಗಸ್ಟ್ 9, ಶನಿವಾರ: ಹೊಗೆ

ರಾಖಿ ಹಬ್ಬ. ಪಕ್ಕದ ಮನೆಯವರು ನಾರಳೀ ಭಾತ್ ಕಳಿಸಿದ್ದರು, ಬೆಲ್ಲ ಕೊಬ್ಬರಿಯ ಅನ್ನ. ಅದನ್ನು ತಿಂದು ಕಾರ್ಬ್ಯುರೇಟರ್ ಎರಡನೇ ಸಲ ಬಿಚ್ಚಿದೆ. ಐಡಲ್ ಸ್ಕ್ರೂ ತೆಗೆದರೆ ಅದರ ಕೆಳಗೆ ಒತ್ತಿ ಕೂರಿಸಿದ ಪ್ಲಾಸ್ಟಿಕ್ಕಿನ ತುಂಡು, ಅದೇ ಪೈಲಟ್ ಜೆಟ್. ತೂತು ಕೂದಲೆಳೆಯಷ್ಟು. ಮತ್ತೆ ತಾಮ್ರದ ಎಳೆ, ಮತ್ತೆ ಸ್ಪ್ರೇ. ಹೊಸದಾಗಿ ಹೇಳುವಂಥದ್ದೇನಿಲ್ಲ. ಜೋಡಿಸಿದ ಮೇಲೆ ಎಂಜಿನ್ ಹೊಲಿಗೆ ಮಶೀನಿನ ಹಾಗೆ ಒಂದೇ ದನಿಯಲ್ಲಿ ಓಡಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಉತ್ಸಾಹ ಬಂದಿತ್ತು ನೋಡಿ, ಬ್ಲೇಡನ್ನು ಮುಚ್ಚಿರುವ ಕೆಳಗಿನ ಡೆಕ್ಕೂ ತೊಳೆದುಬಿಡೋಣ ಅನ್ನಿಸಿತು. ಪ್ಲಗ್ಗಿನ ಕ್ಯಾಪ್ ಕಿತ್ತು ದೂರ ಇಟ್ಟೆ (ಬ್ಲೇಡಿನ ಹತ್ತಿರ ಕೈ ಹೋಗುವ ಮೊದಲು ಇದು ಆಗಲೇಬೇಕು, ಎಂಜಿನ್ ಆಫ್ ಇದ್ದರೂ). ಮಶೀನನ್ನು ಬಲಕ್ಕೆ ಉರುಳಿಸಿದೆ. ಒಳಗೆ ಹಳೇ ಹುಲ್ಲು ಬೆರಣಿ ತಟ್ಟಿದ ಹಾಗೆ ಎರಡು ಬೆರಳು ದಪ್ಪ ಅಂಟಿತ್ತು. ಖುರ್ಪಿಯಿಂದ ಕೆರೆದು ತೆಗೆಯಲು ಅರ್ಧ ಗಂಟೆ. ಎತ್ತಿ ನಿಲ್ಲಿಸಿ ಎಳೆದೆ.

ಬಿಳಿ ಹೊಗೆ. ಸ್ವಲ್ಪವಲ್ಲ. ಎದುರಿನ ಮೂರು ಮನೆ ಕಾಣದಷ್ಟು. ಸೊಸೈಟಿಯ ಚೇರ್ಮನ್ ಸಾಹೇಬರು ಬಾಲ್ಕನಿಯಿಂದ "ಡಾಸ ಮಾರಾಯ್ಲಾ ಆಲಾತ ಕಾಯ?" ಎಂದು ಕೂಗಿದರು. ಸೊಳ್ಳೆಗೆ ಹೊಗೆ ಬಿಡಲು ಮಹಾನಗರಪಾಲಿಕೆಯವರೇ ಬಂದರೆಂದು ಎರಡು ಮನೆಯವರು ನಿಜಕ್ಕೂ ಕಿಟಕಿ ಹಾಕಿಕೊಂಡಿದ್ದರು.

ಬಲಗಡೆಗೆ ಕಾರ್ಬ್ಯುರೇಟರ್ ಮತ್ತು ಏರ್ ಫಿಲ್ಟರ್ ಇದ್ದವು. ಆ ಕಡೆ ಕೆಳಗಾದಾಗ ಕ್ರ್ಯಾಂಕ್ ಕೇಸಿನ ಎಣ್ಣೆಯೆಲ್ಲ ಅತ್ತ ಹರಿದಿತ್ತು. ಉರುಳಿಸುವಾಗ ಏರ್ ಫಿಲ್ಟರ್ ಯಾವಾಗಲೂ ಆಕಾಶ ನೋಡಬೇಕು. ಕಾಗದದ ಫಿಲ್ಟರು ಬಜ್ಜಿ ಇಟ್ಟ ಪೇಪರಿನ ಹಾಗಾಗಿತ್ತು, ತೊಳೆದರೆ ಬರುವಂಥದ್ದಲ್ಲ. ಹೊಸದಕ್ಕೆ 260. ಪ್ಲಗ್ ಬಿಚ್ಚಿ, ತೂತಿನ ಮೇಲೆ ಬಟ್ಟೆ ಹಿಡಿದು ಹಗ್ಗವನ್ನು ಹತ್ತು ಸಲ ಎಳೆದು ಸಿಲಿಂಡರಿನೊಳಗೆ ಸೇರಿದ್ದ ಎಣ್ಣೆ ಹೊರಗೆ ತೆಗೆದೆ. ಮೊದಲ ಟವೆಲ್ಲು ಹೋಗಿದ್ದು ಇಲ್ಲಿ. ಉಳಿದ ಎಣ್ಣೆ ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಾಗಿತ್ತು, ಅದನ್ನೂ ಬಸಿದು 10ಡಬ್ಲ್ಯು-30 ದರ್ಜೆಯ ಹೊಸ ಎಂಜಿನ್ ಎಣ್ಣೆ ಹಾಕಿದೆ. ಹಿಡಿದದ್ದು 650 ಮಿಲಿ, ಲೀಟರಿಗೆ 460 ರೂಪಾಯಿ.

ಇದೇ ದಿನ ಇನ್ನೊಂದು ಕೆಲಸ ಮಾಡಿದೆ. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದೇ ಇಲ್ಲ, ಬರೆಯುವಷ್ಟು ದೊಡ್ಡದು ಅನ್ನಿಸಿರಲಿಲ್ಲ. ಟ್ಯಾಂಕಿನ ಮುಚ್ಚಳದ ಕೆಳಗೆ ಕಾಕಾ ಕ್ಯಾರಿಬ್ಯಾಗಿನ ತುಂಡೊಂದನ್ನು ಸಿಕ್ಕಿಸಿದ್ದರು. ಮಳೆ ನೀರು ಒಳಗೆ ಇಳಿಯದಿರಲಿ ಅಂತ. ಅದು ಹರಿದು ಚಿಂದಿಯಾಗಿತ್ತು. ಒಳ್ಳೇ ಉಪಾಯ, ಆದರೆ ಮಾಲು ಸರಿಯಿಲ್ಲ ಅಂದುಕೊಂಡು ನಾನು ಹಾಲಿನ ಪ್ಯಾಕೆಟ್ಟಿನ ದಪ್ಪ ಪ್ಲಾಸ್ಟಿಕ್ ತೊಳೆದು, ಒರೆಸಿ, ಗುಂಡಗೆ ಕತ್ತರಿಸಿ, ಟ್ಯಾಂಕಿನ ಬಾಯಿಗೆ ಹಾಸಿ ಮೇಲೆ ಮುಚ್ಚಳ ತಿರುಗಿಸಿದೆ. ಒಂದು ಹನಿಯೂ ಹೋಗದ ಹಾಗೆ.

ಆಗಸ್ಟ್ 10ರಿಂದ 15: ಕಾಯಿಲ್ ಎಂಬ ಭ್ರಮೆ

ಭಾನುವಾರ ಬೆಳಿಗ್ಗೆ ಬಿಸಿಲು ಬಿತ್ತು. ಬ್ಲೇಡಿನ ಎತ್ತರ ಮೇಲಿನ ಹಲ್ಲಿಗೆ ಇಟ್ಟು ಶುರು ಮಾಡಿದೆವು. ಗೇಣುದ್ದದ ಹುಲ್ಲನ್ನು ಒಂದೇ ಸಲ ಬೋಳಿಸಬಾರದು, ಮೂರರಲ್ಲಿ ಒಂದು ಪಾಲು ತೆಗೆದು ಎರಡು ದಿನ ಬಿಡಬೇಕು. 14 ನಿಮಿಷ ಚೆನ್ನಾಗಿ ಓಡಿ, ಎರಡು ಸಲ ಬಿಕ್ಕಿ, ನಿಂತಿತು.

ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲ್ ಇದೆ. ಮುಚ್ಚಿದೆ. ಐದು ನಿಮಿಷ ಬಿಟ್ಟು ಎಳೆದೆ, ಮೊದಲ ಎಳೆತಕ್ಕೇ ಸ್ಟಾರ್ಟ್. 16 ನಿಮಿಷಕ್ಕೆ ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆಗೆದು ನೋಡು, ಮುಚ್ಚು, ಕಾಯಿ, ಎಳೆ. ಸ್ಟಾರ್ಟ್.

ಬಿಸಿಯಾದಾಗ ಸಾಯುತ್ತದೆ, ತಣ್ಣಗಾದರೆ ಎದ್ದೇಳುತ್ತದೆ. ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟಾಗ ಹೀಗೆಯೇ ಆಗುತ್ತದೆ, ಅದು ಸುಳ್ಳಲ್ಲ. ಆದರೆ ಕಾಯಿಲ್ಲೇ ಅಂತ ಖಚಿತ ಮಾಡಿಕೊಳ್ಳಲು, ನಿಂತ ತಕ್ಷಣ ಪ್ಲಗ್ ಬಿಚ್ಚಿ ಕಿಡಿ ನೋಡಬೇಕು. ಎರಡು ನಿಮಿಷದ ಕೆಲಸ. ಪ್ಲಗ್ಗು ಸುಡುತ್ತಿತ್ತು, ಸೆಕೆ ಬೇರೆ, ನೋಡಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಅಂದಾಜಿನ ಮೇಲೆ ವರದಿ ಬರೆದರೆ ನಾನೇ ವಾಪಸ್ ಕಳಿಸುತ್ತೇನೆ.

ಬುಧವಾರ ಸಂಜೆ ಅರ್ಧ ದಿನ ರಜೆ ಹಾಕಿ ನಾನಾ ಪೇಠೆಗೆ ಹೋದೆ. ಬೈಕಿನ ಬಿಡಿಭಾಗ ಬೇಕಾದರೆ ಅಲ್ಲಿ ಸಿಗದಿರುವುದಿಲ್ಲ, ಹುಲ್ಲಿನ ಮಶೀನು ಅಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ಮೂರು ಅಂಗಡಿ ಸುತ್ತಿದ ಮೇಲೆ ಪವರ್ ಟಿಲ್ಲರ್, ಸ್ಪ್ರೇಯರ್ ಸಾಮಾನು ಇಟ್ಟವರೊಬ್ಬರ ಹತ್ತಿರ ಸಿಕ್ಕಿತು. 1,250 ರೂಪಾಯಿ. "ಕರೆಂಟಿನ ಸಾಮಾನು ವಾಪಸ್ ಇಲ್ಲ" ಎಂದು ಬಿಲ್ಲಿನ ಮೇಲೆ ಮುದ್ರೆಯೇ ಇತ್ತು. 14ರ ರಾತ್ರಿ ಟಾರ್ಚ್ ಬೆಳಕಿನಲ್ಲಿ ಕೂರಿಸಿದೆ. ಕಾಯಿಲ್ಲಿಗೂ ಫ್ಲೈವೀಲಿನ (ಎಂಜಿನ್ ಶಾಫ್ಟಿನ ಜೊತೆ ತಿರುಗುವ ಚಕ್ರ) ಆಯಸ್ಕಾಂತಕ್ಕೂ ನಡುವೆ 0.3 ಮಿಲಿಮೀಟರ್ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ಪಟ್ಟಿ, ಇಟ್ಟು, ಆಯಸ್ಕಾಂತವೇ ಎಳೆದುಕೊಂಡಾಗ ಸ್ಕ್ರೂ ಬಿಗಿದು, ಗೇಜ್ ಎಳೆದು ತೆಗೆದೆ. ಆ ಕೆಲಸ ಮಾತ್ರ ಪುಸ್ತಕದಲ್ಲಿದ್ದ ಹಾಗೆಯೇ ಆಯಿತು.

ಆಗಸ್ಟ್ 15, ಬೆಳಿಗ್ಗೆ ಆರೂವರೆ. ಟ್ಯಾಂಕ್ ಕಂಠಪೂರ್ತಿ ತುಂಬಿಸಿ ಶುರು ಮಾಡಿದೆ. ಒಂಬತ್ತೇ ನಿಮಿಷಕ್ಕೆ ನಿಂತಿತು. ಹೊಸ ಕಾಯಿಲ್ ಹಾಕಿದ ಮೇಲೆ ಇನ್ನೂ ಬೇಗ. ಎಂಟು ಗಂಟೆಗೆ ಧ್ವಜ ಏರಿದಾಗ ಲಾನಿನ ಎಡಭಾಗ ಕ್ಷೌರ ಆಗಿತ್ತು, ಬಲಭಾಗ ಗಡ್ಡ ಬಿಟ್ಟುಕೊಂಡು ನಿಂತಿತ್ತು. ಗುಂಪಿನ ಫೋಟೋವನ್ನು ಎಲ್ಲರೂ ಎಡಕ್ಕೆ ಸರಿದು ತೆಗೆಸಿಕೊಂಡೆವು.

ಮಧ್ಯಾಹ್ನ ಜಿಲೇಬಿ ತಿಂದು ನೋಟ್‌ಬುಕ್ ತೆಗೆದೆ. ಅಂಕಿಗಳನ್ನು ಒಂದರ ಕೆಳಗೊಂದು ಬರೆದೆ: ಅರ್ಧ ಟ್ಯಾಂಕಿದ್ದಾಗ 14 ಮತ್ತು 16 ನಿಮಿಷ, ತುಂಬಿದ್ದಾಗ 9. ಕಾಯಿಲ್ಲಿಗೆ ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದು ಹೇಗೆ ಗೊತ್ತು? ಟ್ಯಾಂಕ್ ತುಂಬಿದಷ್ಟೂ ಬೇಗ ನಿಲ್ಲುತ್ತದೆ ಅಂದರೆ ಏನೋ ಟ್ಯಾಂಕಿಗೇ ಸೇರಿದ್ದು.

ಮತ್ತೆ ಸ್ಟಾರ್ಟ್ ಮಾಡಿ, ಸುಮ್ಮನೆ ಅದರ ಪಕ್ಕದಲ್ಲೇ ಕೂತೆ. ನಿಂತಿತು. ಈ ಸಲ ಗಡಿಬಿಡಿ ಮಾಡದೆ ಕಿವಿ ಹತ್ತಿರ ಇಟ್ಟು ಮುಚ್ಚಳವನ್ನು ನಿಧಾನ ತಿರುಗಿಸಿದೆ.

ಫುಸ್ಸ್.

ಗಾಳಿ ಒಳಗೆ ಹೋದ ಸದ್ದು. ಮುಚ್ಚಳ ಎತ್ತಿದರೆ ನಾನು ಗುಂಡಗೆ ಕತ್ತರಿಸಿ ಹಾಸಿದ್ದ ಹಾಲಿನ ಪ್ಯಾಕೆಟ್ಟು ಟ್ಯಾಂಕಿನ ಬಾಯಿಯೊಳಕ್ಕೆ ಜಗ್ಗಿ, ದೊನ್ನೆಯ ಹಾಗೆ ಗುಳಿ ಬಿದ್ದಿತ್ತು. ನಡುವೆ ಅಕ್ಷರಗಳು ಹಿಗ್ಗಿದ್ದವು. ಬಿಡಿಸಿ ಚಪ್ಪಟೆ ಮಾಡಿದರೂ ಆ ಗುಳಿ ಹೋಗಲಿಲ್ಲ.

ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಕೆಳಗಿಳಿದಷ್ಟೂ ಮೇಲಿಂದ ಗಾಳಿ ಬರಬೇಕು, ಇಲ್ಲದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಟ್ಯಾಂಕ್ ತುಂಬಿದ್ದರೆ ಒಳಗಿರುವ ಗಾಳಿಯೇ ಕಡಿಮೆ, ಅದಕ್ಕೇ ಇನ್ನೂ ಬೇಗ ನಿಂತಿದ್ದು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕಿದರೆ ಏನಾಗುತ್ತದೆ ಅಂತ ನಮ್ಮ ಅಜ್ಜಿಗೂ ಗೊತ್ತಿತ್ತು. ಕಾಕಾನ ಪ್ಲಾಸ್ಟಿಕ್ ಹರಿದಿತ್ತು, ಅದರ ಸಂದಿಯಿಂದ ಗಾಳಿ ಹೋಗುತ್ತಿತ್ತು. ಅದಕ್ಕೇ ಅವರ ಕಾಲದಲ್ಲಿ ಈ ತೊಂದರೆ ಬರಲಿಲ್ಲ. ಅದನ್ನು 'ಸರಿ' ಮಾಡಿದವನು ನಾನು. ಪ್ರತಿ ಸಲ ನಿಂತಾಗಲೂ ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದು ರೋಗಕ್ಕೆ ಮದ್ದು ಕೊಡುತ್ತಿದ್ದವನೂ ನಾನೇ. ತಣ್ಣಗಾಗಲಿ ಅಂತ ಕಾದ ಐದೈದು ನಿಮಿಷಕ್ಕೆ ಯಾವ ಅರ್ಥವೂ ಇರಲಿಲ್ಲ.

ಪ್ಲಾಸ್ಟಿಕ್ ತೆಗೆದು ಓಡಿಸಿದೆ. 20 ನಿಮಿಷ ದಾಟಿತು. ಆಮೇಲೆ ಮಳೆ ಬಂದು ನಿಲ್ಲಿಸಿದೆ. ಹಳೇ ಕಾಯಿಲ್ ಈಗ ಡಬ್ಬಿಯಲ್ಲಿದೆ, ಪೂರ್ತಿ ಆರೋಗ್ಯವಾಗಿದೆ.

ಕಾಕಾನಿಗೆ ಹೇಳಿದಾಗ ಅವರು ನಗಲಿಲ್ಲ. "ನನ್ನ ಚೀಲ ಚಲೋ ಇತ್ತಲ್ರಿ ಸರ" ಅಂದರು, ಅಷ್ಟೇ.

ಆಗಸ್ಟ್ 16, ಶನಿವಾರ: ಬ್ಲೇಡು

ಮೊನ್ನೆ ಕತ್ತರಿಸಿದ ಕಡೆ ಹುಲ್ಲಿನ ತುದಿ ಬಿಳಿಚಿ ನಾರು ನಾರಾಗಿತ್ತು. ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಫಿಲ್ಟರ್ ಮೇಲಿರುವಂತೆ ಉರುಳಿಸಿ, ಬ್ಲೇಡು ತಿರುಗದಂತೆ ಮರದ ತುಂಡು ಅಡ್ಡ ಕೊಟ್ಟು ಬೋಲ್ಟ್ ಬಿಚ್ಚಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರಿಗೆ ಹಿಡಿಸಿದ್ದಕ್ಕೆ 50 ರೂಪಾಯಿ, ಕೊನೆಯ ಅಂಚನ್ನು ಮನೆಯಲ್ಲಿ ಅರದಿಂದ ನಾನೇ ಉಜ್ಜಿದೆ. ಗೋಡೆಗೆ ಮೊಳೆ ಹೊಡೆದು ನಡುವಿನ ತೂತಿನಿಂದ ನೇತು ಹಾಕಿದರೆ ಒಂದು ಕಡೆ ಕೆಳಗೆ ವಾಲಿತು, ಆ ಕಡೆಯ ಬೆನ್ನಿನಲ್ಲಿ ಇನ್ನಷ್ಟು ಉಜ್ಜಿದೆ. ಅಡ್ಡಡ್ಡ ನಿಲ್ಲುವ ತನಕ ನಾಲ್ಕು ಸಲ. ಹೊರಗೆ ದಹಿ ಹಂಡಿಯ ಡಿಜೆ ಎಷ್ಟು ಜೋರಿತ್ತೆಂದರೆ ಬ್ಲೇಡು ತಾನಾಗಿ ಮೊಳೆಯ ಮೇಲೆ ನಡುಗುತ್ತಿತ್ತು. ಟಾರ್ಕ್ ಪಾನಾದಿಂದ 50 ನ್ಯೂಟನ್ ಮೀಟರಿಗೆ ಬಿಗಿದು ಮುಗಿಸಿದೆ.

ಆಗಸ್ಟ್ 17, ಭಾನುವಾರ: ಗೂಟ

ಉಳಿದ ಅರ್ಧ ಲಾನು. 25 ನಿಮಿಷ ಓಡಿತು, ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಧ್ವಜಕಂಬದ ಹತ್ತಿರ ಬಂದಾಗ ಠಣ್ ಅಂತ ಒಂದು ಸದ್ದು, ಹ್ಯಾಂಡಲ್ಲಿನಿಂದ ಮೊಣಕೈ ತನಕ ಪೆಟ್ಟು. ಎಂಜಿನ್ ಅಲ್ಲೇ ಸತ್ತಿತು. 15ರ ಶಾಮಿಯಾನದವರು ಕಬ್ಬಿಣದ ಗೂಟವೊಂದನ್ನು ಕಿತ್ತಿರಲಿಲ್ಲ, ಹುಲ್ಲಿನೊಳಗೆ ಮೂರು ಇಂಚು ಎದ್ದಿತ್ತು. ಓಡಿಸುವ ಮೊದಲು ಲಾನಿನ ತುಂಬ ಒಂದು ಸುತ್ತು ನಡೆದು ನೋಡಬೇಕು ಎಂದು ಕಾಕಾನಿಗೆ ಪಾಠ ಹೇಳಿದವನು ನಾನೇ. ನಡೆದಿರಲಿಲ್ಲ.

ಬ್ಲೇಡಿನ ತುದಿಯಲ್ಲಿ ಕಡಲೆಕಾಳಿನಷ್ಟು ಚೂರು ಹಾರಿತ್ತು, ಬಾಗಿರಲಿಲ್ಲ. ಹಗ್ಗ ಎಳೆದೆ. ಸ್ಟಾರ್ಟ್ ಆಗುವ ಬದಲು ಹಗ್ಗ ಕೈಯಿಂದ ಕಿತ್ತುಕೊಂಡು ವಾಪಸ್ ಎಳೆಯಿತು, ಎರಡು ಬೆರಳಿನ ಚರ್ಮ ಸುಲಿಯಿತು. ಇನ್ನೊಮ್ಮೆ ಎಳೆದರೆ ಕಾರ್ಬ್ಯುರೇಟರಿನಿಂದ ಟಪ್ ಎಂದು ಹಿಂದಕ್ಕೆ ಸಿಡಿಯಿತು. ಕಿಡಿ ಇದೆ, ಪೆಟ್ರೋಲ್ ಇದೆ, ಆದರೆ ಕಿಡಿ ಹೊತ್ತಲ್ಲದ ಹೊತ್ತಿಗೆ ಬರುತ್ತಿದೆ. ಗಟ್ಟಿ ಪೆಟ್ಟಾದ ಮೇಲೆ ಹೀಗಾದರೆ ಮೊದಲು ನೋಡಬೇಕಾದ್ದು ಫ್ಲೈವೀಲಿನ ಚಾವಿ, ಅಂದರೆ ಫ್ಲೈವೀಲು ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ತುಂಡು. ಅದು ಸರಿದರೆ ಕಿಡಿಯ ಹೊತ್ತೂ ಸರಿಯುತ್ತದೆ.

ಫ್ಲೈವೀಲ್ ಬಿಚ್ಚಲು ಪುಲ್ಲರ್ ಬೇಕು, ಹಿಡಿದು ಮೇಲಕ್ಕೆ ಎಳೆಯುವ ಸಾಧನ. ಭಾನುವಾರ ಜೂನಾ ಬಾಜಾರ (ಹಳೇ ಸಾಮಾನಿನ ಸಂತೆ) ಇರುತ್ತದೆ, ಮಂಗಳವಾರ ಪೇಠೆ ಎಂಬ ಬಡಾವಣೆಯಲ್ಲಿ. ಅಲ್ಲಿ 200 ರೂಪಾಯಿಗೆ ಮೂರು ಕಾಲಿನ ಪುಲ್ಲರ್ ಸಿಕ್ಕಿತು. ತಂದು, ನಟ್ ಬಿಚ್ಚಿ, ಮೂರು ಕಾಲುಗಳನ್ನು ಫ್ಲೈವೀಲಿನ ಅಂಚಿಗೆ ಸಿಕ್ಕಿಸಿ ತಿರುಗಿಸಿದೆ. ಅಂಚಿನ ಕೆಳಗೆ ಹಿಡಿಯಲು ಗಟ್ಟಿ ಜಾಗವಿರಲಿಲ್ಲ. ಪಟ್ ಅಂತ ಅಲ್ಯೂಮಿನಿಯಮ್ಮಿನ ಒಂದು ರೆಕ್ಕೆ ಮುರಿದು ಬಂತು. ಇಂಥ ಫ್ಲೈವೀಲಿಗೆ ಅಂಚು ಹಿಡಿಯುವ ಪುಲ್ಲರ್ ಹಾಕಬಾರದು, ನಡುವೆ ಬೋಲ್ಟ್ ಹಾಕಿ ಎತ್ತುವಂಥದ್ದು ಬೇಕು. ಅಂಗೈಯಲ್ಲಿ ಆ ರೆಕ್ಕೆ ಹಿಡಿದುಕೊಂಡು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ.

ಮುಂದಿನ ದಿನಗಳಲ್ಲಿ ಮಳೆ ಬಿಡಲಿಲ್ಲ. ಕೆಲಸವೂ ಇಲ್ಲ.

ಆಗಸ್ಟ್ 23, ಶನಿವಾರ: ಚಾವಿ

ಈ ಸಲ ಪುಲ್ಲರ್ ಇಲ್ಲದೆ ಪ್ರಯತ್ನ. ನಟ್ಟನ್ನು ಶಾಫ್ಟಿನ ತುದಿಗೆ ಸಮನಾಗಿ ಬರುವಷ್ಟು ತಿರುಗಿಸಿ ಬಿಟ್ಟೆ, ಥ್ರೆಡ್ ಹಾಳಾಗದಿರಲೆಂದು. ಕಾಕಾ ಎದುರುಬದುರು ಎರಡು ದಪ್ಪ ಸ್ಕ್ರೂಡ್ರೈವರ್‌ಗಳಿಂದ ಫ್ಲೈವೀಲನ್ನು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿದರು, ಕೆಳಗೆ ಟವೆಲ್ಲಿನ ಮಡಿಕೆ ಇಟ್ಟು. ಎರಡನೇ ಟವೆಲ್ಲು. ನಾನು ಹಿತ್ತಾಳೆ ಸುತ್ತಿಗೆಯಿಂದ ನಟ್ಟಿನ ತಲೆಗೆ ಒಂದು ನೇರ ಪೆಟ್ಟು ಕೊಟ್ಟೆ. ಎರಡನೇ ಪೆಟ್ಟಿಗೆ ಟಕ್ ಎಂದು ಬಿಟ್ಟಿತು. ಯಾವ ಕೈಪಿಡಿಯೂ ಹೀಗೆ ಮಾಡಿ ಅನ್ನುವುದಿಲ್ಲ, ಅಡ್ಡ ಹೊಡೆದರೆ ಶಾಫ್ಟೇ ಹೋಗುತ್ತದೆ. ಬೇರೆ ದಾರಿ ಇದ್ದವರು ಸರಿಯಾದ ಪುಲ್ಲರ್ ತರಿಸಿಕೊಳ್ಳಲಿ.

ಚಾವಿ ಬೆರಳಿನ ಉಗುರಿನಷ್ಟೂ ಇಲ್ಲದ ಚೌಕ ತುಂಡು. ಅರ್ಧ ಶಾಫ್ಟಿನ ಕೊರಕಲಿನಲ್ಲಿ, ಅರ್ಧ ಫ್ಲೈವೀಲಿನಲ್ಲಿ ಕೂರಬೇಕು. ನಮ್ಮದು ನಡುವೆ ಸರಿದು ಮೆಟ್ಟಿಲಾಗಿತ್ತು, ವರ್ನಿಯರಿನಿಂದ ಅಳೆದರೆ 1.5 ಮಿಲಿಮೀಟರ್. ಅಷ್ಟಕ್ಕೇ ಹಗ್ಗ ಕೈ ಸುಲಿಯಿತು.

ಕಾರ್ಖಾನೆಯ ಟೂಲ್ ರೂಮಿನಲ್ಲಿ ಗಟ್ಟಿ ಉಕ್ಕಿನ ಚಾವಿ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ, ಆಸೆ ಆಯಿತು. ಮಾಡಿಸಲಿಲ್ಲ. ಇದನ್ನು ಮೆತ್ತಗಿಟ್ಟಿರುವುದೇ ಪೆಟ್ಟು ಬಿದ್ದಾಗ ತಾನು ಮುರಿದು ಕ್ರ್ಯಾಂಕ್ ಶಾಫ್ಟ್ ಉಳಿಸಲಿ ಅಂತ. ಹಾಲಿನ ಪ್ಯಾಕೆಟ್ಟಿನ ನಂತರ ನನಗೆ 'ಇನ್ನೂ ಗಟ್ಟಿ ಮಾಲು' ಎಂಬ ಮಾತಿನ ಮೇಲೆ ನಂಬಿಕೆ ಇಲ್ಲ. ಅದೇ ಟಿಲ್ಲರ್ ಅಂಗಡಿಯಿಂದ ಎರಡು ಚಾವಿ, 80 ರೂಪಾಯಿ. ಒಂದು ಹಾಕಲು, ಒಂದು ಮುಂದಿನ ಗೂಟಕ್ಕೆ.

ಶಾಫ್ಟ್ ಬಾಗಿದೆಯೇ ಎಂದೂ ನೋಡಿದೆ: ಪ್ಲಗ್ ಬಿಚ್ಚಿ, ಡೆಕ್ಕಿನ ಅಂಚಿನ ಒಂದೇ ಜಾಗದಿಂದ ಬ್ಲೇಡಿನ ಎರಡೂ ತುದಿಗಳ ಅಂತರ ಅಳೆಯುವುದು. 1 ಮಿಲಿಮೀಟರ್ ವ್ಯತ್ಯಾಸ, ಸಾಕು. ಬ್ಲೇಡನ್ನು ಮತ್ತೆ ಮೊಳೆಗೆ ಹಾಕಿ ತೂಗಿದೆ. ಮುರಿದ ರೆಕ್ಕೆ ಹಾಗೇ ಇದೆ. ಹ್ಯಾಂಡಲ್ಲಿನಲ್ಲಿ ಸ್ವಲ್ಪ ನಡುಕ ಹೆಚ್ಚಿದೆ, ನನಗೆ ಗೊತ್ತಾಗುತ್ತದೆ, ಕಾಕಾ ಗೊತ್ತಾಗುವುದಿಲ್ಲ ಅನ್ನುತ್ತಾರೆ.

ಆಗಸ್ಟ್ 24, ಭಾನುವಾರ: ಲೆಕ್ಕ

ಮೊದಲು ಲಾನಿನ ತುಂಬ ನಡೆದೆವು. ಇನ್ನೊಂದು ಗೂಟ ಸಿಕ್ಕಿತು. ಎರಡನೇ ಎಳೆತಕ್ಕೆ ಸ್ಟಾರ್ಟ್, 50 ನಿಮಿಷ. ಕಾಂಪೌಂಡ್ ಬದಿಯ ಎರಡಡಿ ಪಟ್ಟಿಯನ್ನು ಕಾಕಾ ಮುಟ್ಟಗೊಡಲಿಲ್ಲ. "ಅಲ್ಲಿ ಕರಿಕಿ ಐತ್ರಿ. ಬುಧವಾರ ಗಣಪತಿಗೆ ಎಲ್ಲಾರೂ ಇಪ್ಪತ್ತೊಂದ್ ಇಪ್ಪತ್ತೊಂದ್ ಎಸಳು ಹುಡುಕ್ಕೊಂತ ಬರ್ತಾರ."

ಖರ್ಚು: ಪ್ಲಗ್ 140, ಸ್ಪ್ರೇ 320, ಎಣ್ಣೆ 460, ಮೂರು ಲೀಟರ್ ಪೆಟ್ರೋಲ್ 312, ಫಿಲ್ಟರ್ 260, ಕಾಯಿಲ್ 1,250, ಪೈಪು 60, ಪುಲ್ಲರ್ 200, ಚಾವಿ 80, ಗ್ರೈಂಡಿಂಗ್ 50. ಇದರಲ್ಲಿ ಪ್ಲಗ್, ಫಿಲ್ಟರ್, ಕಾಯಿಲ್, ಪುಲ್ಲರ್ ಸೇರಿ 1,850 ನನ್ನ ತಪ್ಪಿನದು, ಅದನ್ನು ಸೊಸೈಟಿಯಿಂದ ಕೇಳಿಲ್ಲ. ಉಳಿದ 1,282ರ ಬಿಲ್ಲು ಚೇರ್ಮನ್ ಸಾಹೇಬರ ಹತ್ತಿರ ಇದೆ. ಚಾವಿಯ 80 ಶಾಮಿಯಾನದವರಿಂದ ಬರಬೇಕು ಎಂದು ಬರೆದಿದ್ದೇನೆ, ಬರುವುದಿಲ್ಲ.

ಮುಗಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿದೆ, ಬಟ್ಟಲು ಖಾಲಿಯಾಗಲಿ ಅಂತ. ಪಂಪ್ ಮನೆಯ ತಗಡು ಸೋರುತ್ತದೆ, ಮುಚ್ಚಳದ ತೂತಿಗೆ ನೀರು ಬೀಳುವುದು ಇನ್ನೂ ತಪ್ಪಿಲ್ಲ. ಕಾಕಾ ಎಲ್ಲಿಂದಲೋ ಒಂದು ತೆಂಗಿನ ಕರಟ ತಂದರು, ರಾಖಿ ದಿನದ್ದೇ ಇರಬೇಕು. ಮುಚ್ಚಳದ ಮೇಲೆ ಬೋರಲು ಹಾಕಿದರು. ಕೆಳಗೆ ಸುತ್ತಲೂ ಬೆರಳಷ್ಟು ಸಂದಿ.

"ಗಾಳಿ ಹೋಗ್ತೈತಲ್ರಿ ಸರ?"

ನಾನು ಕರಟ ಎತ್ತಿ, ತೂತು ನೋಡಿ, ಮತ್ತೆ ಇಟ್ಟೆ. "ಹೋಗ್ತೈತಿ ಕಾಕಾ."